ಬೆನ್ನಿನ ಮೇಲಿನ ಬೆಲೆ: ಅಂಚೆಚೀಟಿಯ ಅಂಟು ನಡೆದು ಬಂದ ದಾರಿ

ಅಂಚೆಚೀಟಿ ಪ್ರದರ್ಶನದ ಮಾರಾಟ ಮಳಿಗೆಗಳಲ್ಲಿ ಪಳಗಿದ ಸಂಗ್ರಾಹಕರನ್ನು ಗಮನಿಸಿ. ಚಿಮಟದಲ್ಲಿ ಚೀಟಿ ಎತ್ತಿಕೊಂಡವರು ಚಿತ್ರದ ಮೇಲೆ ಒಮ್ಮೆ ಕಣ್ಣು ಹಾಯಿಸಿ ತಕ್ಷಣ ಮಗುಚುತ್ತಾರೆ. ಬೆನ್ನನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಹೊಳಪು ಒಂದೇ ಸಮ ಇದೆಯೇ, ಎಲ್ಲಾದರೂ ಬೆರಳಚ್ಚು ಕೂತಿದೆಯೇ, ಆಲ್ಬಮ್ಮಿಗೆ ಕೂರಿಸಲು ಹಚ್ಚಿದ್ದ ಹಿಂಜ್ ಪಟ್ಟಿಯ ಕಲೆ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಬೆಲೆಯ ಮಾತು. ನೆಕ್ಕಿ, ಲಕೋಟೆಗೆ ಒತ್ತಿ, ಮರೆತುಬಿಡಲೆಂದು ಬಳಿದ ಅಂಟಿಗೆ ಇಷ್ಟೊಂದು ಮರ್ಯಾದೆ ಮೊದಲಿನಿಂದ ಇದ್ದದ್ದಲ್ಲ.

1840ರ ಮೇ ತಿಂಗಳಲ್ಲಿ ಬಂದ ಬ್ರಿಟನ್ನಿನ ಪೆನ್ನಿ ಬ್ಲ್ಯಾಕ್ ಹಾಳೆಯ ಅಂಚಿನಲ್ಲೇ ಜನರಿಗೊಂದು ಎಚ್ಚರಿಕೆ ಅಚ್ಚಾಗಿತ್ತು: ಹಿಂಬದಿ ಒದ್ದೆ ಮಾಡುವಾಗ ‘ಸಿಮೆಂಟ್’ ಕಿತ್ತುಹೋಗದಂತೆ ನೋಡಿಕೊಳ್ಳಿ ಎಂದು. ಆ ಸಿಮೆಂಟ್ ಎಂದರೆ ಆಲೂಗಡ್ಡೆ ಮತ್ತು ಗೋಧಿಯ ಪಿಷ್ಟಕ್ಕೆ ಅರಬ್ಬಿ ಗೋಂದು ಬೆರೆಸಿದ ಪಾಕ. ಅರಬ್ಬಿ ಗೋಂದು ಜಾಲಿಯ ಬಳಗದ ಮರಗಳಿಂದ ಒಸರುವಂಥದ್ದು. ಗೋಕಾಕ, ಅಮೀನಗಡದ ಕರದಂಟಿಗೆ ಹುರಿದು ಹಾಕುವ ಅಂಟಿಗೆ ದಾಯಾದಿ.

ಎಲ್ಲ ಚೀಟಿಗಳೂ ಅಂಟಿನೊಡನೆ ಹುಟ್ಟಲಿಲ್ಲ. 1854ರಲ್ಲಿ ಕಲ್ಕತ್ತೆಯ ಸರ್ವೆ ಕಚೇರಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಅರ್ಧಾಣೆ, ಒಂದಾಣೆ, ನಾಲ್ಕಾಣೆಯ ಚೀಟಿಗಳ ಬೆನ್ನು ಬೋಳು. ಅಂಟಿಸುವ ಉಸಾಬರಿ ಕೊಂಡವರದೇ. ಜಪಾನಿನ 1871ರ ಡ್ರ್ಯಾಗನ್ ಚೀಟಿಗಳಿಗೂ, ಜನತಾ ಚೀನಾದ ಆರಂಭದ ವರ್ಷಗಳ ಬಹಳಷ್ಟು ಚೀಟಿಗಳಿಗೂ ಅಂಟಿರಲಿಲ್ಲ. ‘ಅಂಟಿಲ್ಲ’ ಎನ್ನುವುದು ಇವುಗಳ ಪಾಲಿಗೆ ಊನವಲ್ಲ, ಹುಟ್ಟುಗುಣ.

ಹಳೆಯ ಸಂಗ್ರಾಹಕರಂತೂ ಬೆನ್ನಿನ ಕಡೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. 1862ರಲ್ಲಿ ಪ್ಯಾರಿಸ್ಸಿನ ಲಾಲಿಯೆ ಎಂಬಾತ ಅಂಚೆಚೀಟಿಗಳ ಆಲ್ಬಂ ಹೊರತಂದ. ಆ ಕಾಲದಲ್ಲಿ ಹೊಸ ಚೀಟಿಯನ್ನೂ ಪುಟಕ್ಕೆ ನೇರವಾಗಿ ಅಂಟಿಸಿಬಿಡುವುದು ಮಾಮೂಲು. ಅಂಟು ಒಣಗಿ ಬಿರಿದರೆ ಕಾಗದವೂ ಸೀಳುತ್ತದೆ ಎಂದು ನೀರಿನಲ್ಲಿ ತೊಳೆದುಬಿಡುತ್ತಿದ್ದವರೂ ಇದ್ದರು. ಆಮೇಲೆ ಹಿಂಜ್ ಬಂತು. ತೆಳುವಾದ ಕಾಗದದ ಪಟ್ಟಿ, ನಡುವೆ ಮಡಿಕೆ. ಒಂದು ಮಗ್ಗುಲು ಚೀಟಿಗೆ, ಇನ್ನೊಂದು ಪುಟಕ್ಕೆ. ಚೀಟಿಯನ್ನು ಬಾಗಿಲಿನಂತೆ ತೆರೆದು ಹಿಂದೆ ನೋಡಬಹುದಾಗಿತ್ತು. ಹಿಂಜ್ ಕಿತ್ತರೆ ಬೆನ್ನಿನಲ್ಲಿ ಮಸುಕು ಕಲೆ ಉಳಿಯುತ್ತಿತ್ತು. ಅದೊಂದು ದೋಷವೆಂದು ಯಾರಿಗೂ ಅನ್ನಿಸಲಿಲ್ಲ.

ಅನ್ನಿಸತೊಡಗಿದ್ದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ. ಚೀಟಿಯನ್ನು ಎಲ್ಲೂ ಅಂಟಿಸದೆ ಕೂರಿಸುವ ಪಾರದರ್ಶಕ ಪಟ್ಟಿಗಳು ಮಾರುಕಟ್ಟೆಗೆ ಬಂದವು. ಜರ್ಮನಿಯ ಹಾವಿಡ್ ಅದರಲ್ಲಿ ಹೆಸರುವಾಸಿ. ಹಿಂಜ್ ಇಲ್ಲದೆಯೂ ಆಲ್ಬಂ ಮಾಡಬಹುದು ಎಂದಾದ ಮೇಲೆ, ಹಿಂಜ್ ತಗುಲದ ಚೀಟಿಯೇ ಮೇಲು ಎಂಬ ಜಾತಿಭೇದ ಹುಟ್ಟಿಕೊಂಡಿತು. ಯೂರೋಪಿನ ಹರಾಜು ಪಟ್ಟಿಗಳಲ್ಲಿ ಇದು ನಕ್ಷತ್ರಗಳ ಭಾಷೆಯಾಯಿತು: ಎರಡು ನಕ್ಷತ್ರವೆಂದರೆ ಹಿಂಜ್ ಕಾಣದ ಮೂಲ ಅಂಟು, ಒಂದು ನಕ್ಷತ್ರವೆಂದರೆ ಹಿಂಜ್ ಹಚ್ಚಿದ್ದು, ಕಂಸದೊಳಗಿನ ನಕ್ಷತ್ರವೆಂದರೆ ಅಂಟಿಲ್ಲದ್ದು. ಎರಡು ನಕ್ಷತ್ರದ ಚೀಟಿ ನಮ್ಮ ವ್ಯಾಪಾರಿಗಳ ಬಾಯಲ್ಲಿ ‘ಎಂಎನ್‌ಎಚ್’, ಅಂದರೆ ‘ಮಿಂಟ್ ನೆವರ್ ಹಿಂಜ್ಡ್’. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಚೀಟಿಗಳಲ್ಲಿ ಹೆಚ್ಚಿನವು ಹಿಂಜ್ ಕಂಡವೇ ಆದ್ದರಿಂದ, ಪಾರಾಗಿ ಬಂದ ಕೆಲವಕ್ಕೆ ಹಲವು ಪಟ್ಟು ಬೆಲೆ.

ಅಮೆರಿಕದ ‘ಇನ್ವರ್ಟೆಡ್ ಜೆನ್ನಿ’ಯಲ್ಲಿ ಇದು ತುತ್ತತುದಿ ಮುಟ್ಟಿತು. 1918ರ ಮೇ 14ರಂದು ವಿಲಿಯಂ ರೋಬಿ ವಾಷಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ 24 ಡಾಲರ್ ಕೊಟ್ಟು ಕೊಂಡ ನೂರು ಚೀಟಿಗಳ ಹಾಳೆಯಲ್ಲಿ ವಿಮಾನ ತಲೆಕೆಳಗಾಗಿ ಅಚ್ಚಾಗಿತ್ತು. ನೂರಕ್ಕೂ ದೋಷ ಅದೇ. ಆದರೂ 49ನೇ ಸ್ಥಾನದ ಚೀಟಿ 2023ರಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹೋಯಿತು. ದಶಕಗಳ ಕಾಲ ಲಾಕರಿನ ಕತ್ತಲಲ್ಲಿದ್ದ ಅದರ ಬಣ್ಣ ಮಾಸಿರಲಿಲ್ಲ, ಬೆನ್ನಿಗೆ ಹಿಂಜ್ ತಗುಲಿರಲಿಲ್ಲ. ಶ್ರೇಣಿ ನೀಡುವ ಪರಿಣತರು ಅದಕ್ಕೆ 95 ಅಂಕ ಕೊಟ್ಟಿದ್ದರು. ಈ ಅಂಕವನ್ನು ಮುಖ್ಯವಾಗಿ ತೀರ್ಮಾನಿಸುವುದು ಚಿತ್ರ ನಾಲ್ಕು ಅಂಚುಗಳ ನಡುವೆ ಎಷ್ಟು ಸರಿಯಾಗಿ ಕೂತಿದೆ, ಕಾಗದ ಎಷ್ಟು ಗಟ್ಟಿಮುಟ್ಟಾಗಿದೆ ಎಂಬುದು. ಅಂಟಿನ ಸ್ಥಿತಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ: ಮೂಲ ಅಂಟು, ಹಿಂಜ್ ಕಂಡದ್ದು, ಕದಡಿದ ಅಂಟು, ಅಂಟಿಲ್ಲ, ಮರು ಅಂಟು. ಅಂಕ ಒಂದೇ ಇದ್ದರೂ ಪಕ್ಕದ ಆ ಒಂದೆರಡು ಪದಗಳು ಬೆಲೆಯನ್ನು ಏರಿಳಿಸುತ್ತವೆ.

ಬೆಲೆಯ ಕಂದಕ ಅಗಲವಾದಷ್ಟೂ ಅದನ್ನು ಮುಚ್ಚಲು ಹೊರಟವರೂ ಹೆಚ್ಚಿದರು. ಹಿಂಜ್ ಕಲೆಯ ಅಂಟನ್ನು ತೊಳೆದು ಹೊಸದಾಗಿ ಬಳಿಯುವ ಕಸುಬು ಬೆಳೆಯಿತು. ನಾನೂ ಒಮ್ಮೆ ಆರನೇ ಜಾರ್ಜ್ ಕಾಲದ ಚೀಟಿಯೊಂದರಲ್ಲಿ ಹೀಗೆ ಮೋಸಹೋದೆ. ಬೆನ್ನು ಕನ್ನಡಿಯಂತಿತ್ತು, ಆ ಹೊಳಪಿಗೇ ಮರುಳಾಗಿದ್ದೆ. ಹಿರಿಯರೊಬ್ಬರು ಭೂತಗನ್ನಡಿ ಕೈಗಿಟ್ಟು, “ಹಿಂದೆ ನೋಡಬೇಡಿ, ಅಂಚಿನ ಹಲ್ಲು ನೋಡಿ” ಎಂದರು. ಕಾರ್ಖಾನೆಯಲ್ಲಿ ಅಂಟು ಬಳಿದ ಮೇಲೆ ರಂಧ್ರ ಹೊಡೆಯುತ್ತಾರೆ. ಹಾಗಾಗಿ ಹಾಳೆಯಿಂದ ಹರಿದ ಹಲ್ಲಿನ ತುದಿಯಲ್ಲಿ ಕಾಗದದ ನಾರು ಹತ್ತಿಯಂತೆ ಮೆತ್ತಗೆ ಬಿಡಿಸಿಕೊಂಡಿರುತ್ತದೆ. ರಂಧ್ರ ಹೊಡೆದಾದ ಮೇಲೆ ಅಂಟು ಬಳಿದರೆ ಅದು ನಾರಿನೊಳಗೆ ಇಳಿದು ಗಟ್ಟಿಯಾಗುತ್ತದೆ. ನನ್ನ ಚೀಟಿಯ ಹಲ್ಲು ಬೆರಳಿಗೆ ಗರಗಸದ ಹಾಗೆ ಚುಚ್ಚಿತು. ಹಿಂಜ್ ಕಲೆಯೊಡನೆ ಇದ್ದಿದ್ದರೆ ಅದಕ್ಕೊಂದು ನ್ಯಾಯವಾದ ಬೆಲೆಯಾದರೂ ಇರುತ್ತಿತ್ತು.

ಮೂಲ ಅಂಟೇ ಶತ್ರುವಾದ ಉದಾಹರಣೆಯೂ ಉಂಟು. 1935ರಲ್ಲಿ ಕ್ಯೋನಿಗ್ಸ್‌ಬರ್ಗ್ ನಗರದ ಪ್ರದರ್ಶನಕ್ಕೆಂದು ಜರ್ಮನಿ ‘ಓಸ್ಟ್ರೋಪಾ’ ಎಂಬ ಕಿರುಹಾಳೆ ತಂದಿತು. ಅದರ ಅಂಟಿನಲ್ಲಿ ಗಂಧಕಾಮ್ಲವಿತ್ತು. ವರ್ಷಗಳು ಉರುಳಿದಂತೆ ಕಾಗದ ಕಂದಾಗಿ, ಪುಡಿಯಾಗತೊಡಗಿತು. ಉಳಿಸಿಕೊಳ್ಳಬೇಕೆಂದರೆ ಅಂಟು ತೊಳೆಯುವುದೇ ದಾರಿ ಎಂದು ಬಲ್ಲವರು ಹೇಳಬೇಕಾಯಿತು. ಬೆನ್ನನ್ನು ಪೂಜಿಸಿದವನ ಹಾಳೆ ಹಾಳಾಯಿತು, ತೊಳೆದವನದು ಉಳಿಯಿತು.

ನಮ್ಮಲ್ಲಿ ಆಮ್ಲದ ಕೆಲಸವನ್ನು ಮಳೆಗಾಲ ಮಾಡುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಆಷಾಢ ಕಳೆಯುವಷ್ಟರಲ್ಲಿ ಕಪಾಟಿನ ಚೀಟಿಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಅಂಟಿನ ಮೇಲೆ ಕಂದು ಚುಕ್ಕೆ ಎದ್ದಿರುತ್ತದೆ. ಆ ಚುಕ್ಕೆ ಕಾಗದಕ್ಕೆ ಇಳಿದು ಮುಂಬದಿಯಲ್ಲೂ ಕಂಡರೆ ಹಿಂಜ್ ಕಾಣದ ಚೀಟಿಗೂ ಗಿರಾಕಿ ಇಲ್ಲ. ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿಡುವುದು, ಸಿಲಿಕಾ ಜೆಲ್ ಪೊಟ್ಟಣ ಇಡುವುದು, ಬಿಸಿಲು ಬಂದ ದಿನ ಫ್ಯಾನಿನ ಕೆಳಗೆ ಪುಟ ತಿರುವುವುದು, ಇಷ್ಟೇ ಉಪಾಯ.

ಅಂಟು ತಾನೂ ಬದಲಾಯಿತು. 1968ರಲ್ಲಿ ಬ್ರಿಟನ್ ಹೊಳೆಯುವ ಗೋಂದನ್ನು ಬಿಟ್ಟು ಹೊಳಪಿಲ್ಲದ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಅಂಟಿಗೆ ಹೊರಳಿತು. ಬಳಿದಿದೆಯೋ ಇಲ್ಲವೋ ಕಣ್ಣಿಗೆ ಸುಲಭವಾಗಿ ಗೊತ್ತಾಗುತ್ತಿರಲಿಲ್ಲ. ಮುಂದೆ ಡೆಕ್ಸ್‌ಟ್ರಿನ್ ಬೆರೆತ ಅಂಟು ಬಂದಾಗ ಅದಕ್ಕೆ ನೀಲಿಹಸಿರಿನ ಛಾಯೆ ಸೇರಿಸಿದರು. 1964ರಲ್ಲಿ ಸಿಯೆರಾ ಲಿಯೋನ್ ಸುಲಿದು ಅಂಟಿಸುವ ಚೀಟಿ ತಂದಿತು. 1974ರಲ್ಲಿ ಅಮೆರಿಕ ಅದೇ ಪ್ರಯೋಗ ಮಾಡಿದಾಗ ಅಂಟು ಕಾಗದಕ್ಕೆ ಒಸರಿ ಚೀಟಿಗಳು ಬಣ್ಣಗೆಟ್ಟವು. ಇಂಥ ಚೀಟಿಯ ಬೆನ್ನು ನೋಡಬೇಕೆಂದರೆ ಸುಲಿಯಬೇಕು, ಸುಲಿದರೆ ಹೊಸತನ ಹೋಯಿತು.

ಹೀಗಾಗಿ ಬೆನ್ನಿಗೆ ಬೆಲೆ ಕಟ್ಟುವ ಮೊದಲು ಚೀಟಿಯ ಹುಟ್ಟು ತಿಳಿದಿರಬೇಕು. ಮುಂದಿನ ಪ್ರದರ್ಶನದಲ್ಲಿ ಯಾರಾದರೂ 1854ರ ನೀಲಿ ಅರ್ಧಾಣೆಯನ್ನು ಮಗುಚಿ, “ನೋಡಿ ಸಾರ್, ಅಂಟು ಹೇಗೆ ಹೊಳೀತಿದೆ” ಎಂದರೆ, ಚಿಮಟ ಕೆಳಗಿಟ್ಟು ಮುಂದಿನ ಮಳಿಗೆಗೆ ನಡೆಯಿರಿ.