ಹೆಸರಿಲ್ಲದ ಕೈಗಳು ಕಟ್ಟಿದ ಕೋವಿ

ಜಿಮ್ ಕಾರ್ಬೆಟ್ ತನ್ನ ಮೊದಲ ನರಭಕ್ಷಕ ಹುಲಿಯನ್ನು ಕೊಂದದ್ದು 1907ರಲ್ಲಿ, ಕುಮಾವೂಂ ಬೆಟ್ಟಗಳ ಚಂಪಾವತದಲ್ಲಿ. 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕಕ್ಕೆ ಬಂದಿದ್ದ ಹೆಣ್ಣುಹುಲಿ ಅದು. ಕಾರ್ಬೆಟ್ ಜೊತೆಗೆ ಒಯ್ದಿದ್ದು ಮೂರೇ ತೋಟಾ. ಮೂರೂ ಮುಗಿದವು, ಗಾಯಗೊಂಡ ಹುಲಿ ಇನ್ನೂ ಎದುರಿಗೇ ಇತ್ತು. ಆಗ ಆತ ಓಡಿಹೋಗಿ ಜೊತೆಯಲ್ಲಿ ಬಂದಿದ್ದ ತಹಸೀಲ್ದಾರರ ಕೋವಿಯನ್ನು ಕೈಗೆ ತೆಗೆದುಕೊಂಡು ಬಂದ. ಹುಲಿಯ ಹತ್ತಿರ ಬಂದ ಮೇಲಷ್ಟೇ ಆ ಕೋವಿಯ ನಳಿಗೆಗೂ ಅದರ ಹಿಂಬದಿಯ ಕಟ್ಟಿಗೂ ನಡುವೆ ದೊಡ್ಡ ಸಂದು ಬಿಟ್ಟಿರುವುದು ಕಣ್ಣಿಗೆ ಬಿತ್ತು. ಹೊಡೆದರೆ ಬೆಂಕಿ ತನ್ನ ಕಣ್ಣಿಗೇ ಬಡಿಯಬಹುದು. ಆದರೂ ಹೊಡೆದ. ಬಾಯಿಗೆ ಇಟ್ಟ ಗುರಿ ಪಾದಕ್ಕೆ ತಾಗಿತು. ಮೊದಲು ಬಿದ್ದಿದ್ದ ಗುಂಡುಗಳು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದರಿಂದ ಕಾರ್ಬೆಟ್ ಬದುಕಿಕೊಂಡ. ಈ ಪ್ರಸಂಗವನ್ನು ಆತನೇ ಬರೆದಿಟ್ಟಿದ್ದಾನೆ.

ಆ ಒಂದು ಸಂದು ಮೂಡದಂತೆ ನೋಡಿಕೊಳ್ಳುವುದಕ್ಕಾಗಿಯೇ ಲಂಡನ್ನಿನ ಕೋವಿಗಾರರು ತಿಂಗಳುಗಟ್ಟಲೆ ಅರ ಉಜ್ಜುತ್ತಿದ್ದರು. ಹೂಬಳ್ಳಿಯ ಕೆತ್ತನೆ, ಬಂಗಾರದ ಕೂರಿಸುವಿಕೆ, ಕನ್ನಡಿಯಂತೆ ಹೊಳೆಯುವ ಮರ ಇವೆಲ್ಲ ಇರುವ ಶಿಕಾರಿ ರೈಫಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಕಂಡವರಿಗೆ ಅದು ರಾಜಮಹಾರಾಜರ ಶೋಕಿ ಎನಿಸುವುದು ಸಹಜ. ಶೋಕಿ ಇತ್ತು, ನಿಜ. ಆದರೆ ಅಲಂಕಾರದ ಅಡಿಯಲ್ಲಿರುವುದು ಜೀವದ ಪ್ರಶ್ನೆ. ಮೇಲೆರಗುವ ಪ್ರಾಣಿಯ ಮುಂದೆ ಕೋವಿ ಕೈಕೊಟ್ಟರೆ ಎರಡನೆಯ ಅವಕಾಶವಿಲ್ಲ.

ಎರಡು ನಳಿಗೆ, ಒಂದು ಗುರಿ

ಈ ಕಸುಬಿನ ಪ್ರಸಿದ್ಧ ಮನೆಗಳು ಬಹುಪಾಲು ಬ್ರಿಟನ್ನಿನವು. ಡಬ್ಲಿನ್ನಿನಲ್ಲಿ 1775ರಲ್ಲಿ ಶುರುವಾಗಿ ಮುಂದೆ ಲಂಡನ್ನಿಗೆ ಬಂದ ರಿಗ್ಬಿ, ಬರ್ಮಿಂಗ್‌ಹ್ಯಾಮಿನಲ್ಲಿ 1812ರಲ್ಲಿ ಹುಟ್ಟಿದ ವೆಸ್ಟ್ಲಿ ರಿಚರ್ಡ್ಸ್, ಲಂಡನ್ನಿನಲ್ಲಿ 1814ರಲ್ಲಿ ಬಾಗಿಲು ತೆರೆದ ಪರ್ಡಿ, ತಂಬಾಕು ವ್ಯಾಪಾರಿಯಾಗಿದ್ದ ಹ್ಯಾರಿಸ್ ಹಾಲೆಂಡ್ 1835ರಲ್ಲಿ ಆರಂಭಿಸಿದ ಹಾಲೆಂಡ್ ಅಂಡ್ ಹಾಲೆಂಡ್. ‘ದಿ ಫೀಲ್ಡ್’ ಪತ್ರಿಕೆ 1883ರಲ್ಲಿ ಏರ್ಪಡಿಸಿದ ರೈಫಲ್ ಪರೀಕ್ಷೆಯಲ್ಲಿ ಹಾಲೆಂಡ್ ಮನೆಯ ಕೋವಿಗಳು ಎಲ್ಲ ವಿಭಾಗಗಳಲ್ಲೂ ಗೆದ್ದವು. ದೂರದ ಭಾರತ, ಆಫ್ರಿಕಗಳಿಂದ ಬೇಡಿಕೆ ಬರಲು ಇಂಥ ಗೆಲುವುಗಳೇ ಜಾಹೀರಾತು.

ಇವುಗಳಲ್ಲಿ ಅತ್ಯಂತ ಕಷ್ಟದ ಕೆಲಸ ಜೋಡಿ ನಳಿಗೆಯ ರೈಫಲ್. ಅದು ಒಂದು ಕೋವಿಯಲ್ಲ, ಒಂದೇ ಮರಕ್ಕೆ ಕೂಡಿಸಿದ ಎರಡು ಕೋವಿ. ಎರಡು ನಳಿಗೆ, ಎರಡು ಬೀಗ, ಸಾಮಾನ್ಯವಾಗಿ ಎರಡು ಟ್ರಿಗರ್. ಒಂದರ ಸ್ಪ್ರಿಂಗ್ ಮುರಿದರೂ ಇನ್ನೊಂದು ಉಳಿದಿರುತ್ತದೆ. ಎರಡನೆಯ ಗುಂಡಿಗಾಗಿ ಕೈ ಅಲುಗಿಸಬೇಕಾಗಿಲ್ಲ. ಆದರೆ ಎರಡು ನಳಿಗೆಗಳೂ ಒಂದೇ ಜಾಗಕ್ಕೆ ಹೊಡೆಯುವಂತೆ ಮಾಡುವುದು ಹೇಗೆ?

ಪಕ್ಕಪಕ್ಕದಲ್ಲಿ ಸಮಾನಾಂತರವಾಗಿ ಜೋಡಿಸಿದರೆ ಸಾಕು ಎಂದು ತೋರುತ್ತದೆ. ಸಾಲದು. ಬಲನಳಿಗೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದರ ಜೊತೆಗೆ ಮೇಲಕ್ಕೂ ಬಲಕ್ಕೂ ತಿರುಗುತ್ತದೆ, ಎಡನಳಿಗೆಯಾದರೆ ಎಡಕ್ಕೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ತಿರುಗುವಿಕೆ ಶುರುವಾಗಿರುತ್ತದೆ. ಹೀಗಾಗಿ ನಳಿಗೆಗಳ ಬಾಯಿಗಳು ಕೂದಲೆಳೆಯಷ್ಟು ಒಳಮುಖವಾಗಿ ವಾಲಿರಬೇಕು. ಎಷ್ಟು ಎಂಬುದು ಗುಂಡಿನ ತೂಕ, ಮದ್ದಿನ ಪ್ರಮಾಣ, ಕೋವಿಯ ತೂಕ ಇವೆಲ್ಲವನ್ನೂ ಅವಲಂಬಿಸಿದೆ. ಲೆಕ್ಕ ಹಾಕಿ ಇದನ್ನು ಪೂರ್ತಿ ಹಿಡಿಯಲಾಗುವುದಿಲ್ಲ, ಹೊಡೆದೇ ನೋಡಬೇಕು.

ಈ ಕೆಲಸಕ್ಕೆಂದೇ ಒಬ್ಬ ನುರಿತ ಕೆಲಸಗಾರನಿರುತ್ತಾನೆ. ಬಾಯಿಯ ಬಳಿ ಎರಡು ನಳಿಗೆಗಳ ನಡುವೆ ಸಣ್ಣ ಬೆಣೆಯಿಟ್ಟು ಬೆಸುಗೆ ಹಾಕಿರುತ್ತಾರೆ. ಆತ ಬಲದಿಂದ ಒಂದು, ಎಡದಿಂದ ಒಂದು ಗುಂಡು ಹಾರಿಸಿ ಗುರಿಹಲಗೆ ನೋಡುತ್ತಾನೆ. ಬೆಸುಗೆ ಬಿಸಿಮಾಡಿ, ಬೆಣೆಯನ್ನು ತುಸು ಸರಿಸಿ, ಆರಿದ ಮೇಲೆ ಮತ್ತೆ ಹೊಡೆಯುತ್ತಾನೆ. ಎರಡೂ ಗುರುತು ಹತ್ತಿರ ಬರುವವರೆಗೆ ಇದೇ ಕೆಲಸ. ಹೀಗೆ ಹೊಂದಿಸಿದ ರೈಫಲ್ಲಿಗೆ ಬೇರೆ ತೂಕದ ಗುಂಡು ಹಾಕಿದರೆ ಎರಡು ನಳಿಗೆಗಳು ಎರಡು ದಾರಿ ಹಿಡಿಯುತ್ತವೆ.

ಇದಲ್ಲದೆ ಕಾನೂನು ಕೇಳುವ ಮುದ್ರೆಯ ಪರೀಕ್ಷೆಯೂ ಉಂಟು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಸ್ಥಾಪನೆಯಾಯಿತು. ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಮುದ್ರೆಯಿಲ್ಲದ ಕೋವಿ ಮಾರುವುದು ಅಲ್ಲಿ ಅಪರಾಧ.

ಮಸಿ ಹೇಳುವ ಸತ್ಯ

ಒಂದು ಕೋವಿಯನ್ನು ಒಬ್ಬನೇ ಮಾಡುವುದಿಲ್ಲ. ನಳಿಗೆಯವನು, ನಳಿಗೆಯನ್ನು ಹಿಂಬದಿಯ ಉಕ್ಕಿನ ಕಟ್ಟಿಗೆ ಕೂಡಿಸುವವನು, ಬೀಗದವನು, ಮರದವನು, ಕೆತ್ತನೆಯವನು, ಕೊನೆಯಲ್ಲಿ ಎಲ್ಲ ಬಿಚ್ಚಿ ಉಜ್ಜಿ ಕೂಡಿಸುವವನು ಹೀಗೆ ಕೈಯಿಂದ ಕೈಗೆ ಅದು ಸಾಗುತ್ತದೆ. ಒಂದು ಜೋಡಿ ರೈಫಲ್ಲಿಗೆ ತಗಲುವ ದುಡಿಮೆ ಸಾವಿರ ಗಂಟೆ ಮೀರುವುದೂ ಉಂಟು. ಬೇಡಿಕೆ ಕೊಟ್ಟವರು ವರ್ಷಗಟ್ಟಲೆ ಕಾಯುತ್ತಾರೆ.

ಇವರೆಲ್ಲರ ಬಳಿಯೂ ಇರುವ ಒಂದು ಸಾಧನ ನಮ್ಮ ಹಳ್ಳಿಮನೆಯ ಬುಡ್ಡಿದೀಪದಂಥದು. ಚಿಮಣಿಯಿಲ್ಲದ ಎಣ್ಣೆದೀಪದ ಹೊಗೆಗೆ ಉಕ್ಕಿನ ಒಂದು ಭಾಗವನ್ನು ಹಿಡಿದರೆ ಅದರ ಮೇಲೆ ತೆಳ್ಳಗೆ ಮಸಿ ಕೂಡುತ್ತದೆ. ಅದನ್ನು ಅದರ ಜೋಡಿ ಭಾಗಕ್ಕೆ ಒತ್ತಿ ತೆಗೆದರೆ, ಎಲ್ಲಿ ತಾಗುತ್ತದೆಯೋ ಅಲ್ಲಿ ಮಾತ್ರ ಮಸಿಯ ಗುರುತು ಬೀಳುತ್ತದೆ. ಗುರುತು ಬಿದ್ದ ಉಬ್ಬನ್ನಷ್ಟೇ ಅರದಿಂದ ಒಂದೆರಡು ಎಳೆತ ಎಳೆದು ಮತ್ತೆ ಮಸಿ ಹಿಡಿಸಬೇಕು. ನೂರಾರು ಸಲ ಹೀಗೆ ಮಾಡಿದ ಮೇಲೆ ಇಡೀ ಮೈಗೆ ಸಮನಾಗಿ ಮಸಿ ಅಂಟುತ್ತದೆ. ಆಗ ಸಂದು ಇಲ್ಲ ಎಂದು ಅರ್ಥ. ಒಂದು ಎಳೆತ ಹೆಚ್ಚಾದರೆ ತೆಗೆದ ಉಕ್ಕನ್ನು ಮರಳಿ ಇಡಲು ಬರುವುದಿಲ್ಲ.

ತಿರುಪುಗಳಲ್ಲೂ ಇದೇ ನಿಷ್ಠೆ. ಇಂಥ ಕೋವಿಯ ತಿರುಪಿನ ತಲೆಗಳ ಗೀರುಗಳು ನಳಿಗೆಯ ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ. ಪ್ರತಿ ತಿರುಪನ್ನೂ ಬಿಗಿಯಾಗಿ ಕೂರಿಸಿದ ಮೇಲೆಯೇ ಅದರ ಗೀರಿನ ದಿಕ್ಕು ತೀರ್ಮಾನ. ಕೆತ್ತನೆಯ ಬಳ್ಳಿ ತಿರುಪಿನ ತಲೆಯ ಮೇಲೂ ಹಾದು ಹೋಗುತ್ತದೆ. ಹೀಗಾಗಿ ಒಂದು ರಂಧ್ರದ ತಿರುಪು ಇನ್ನೊಂದಕ್ಕೆ ಹೊಂದುವುದಿಲ್ಲ. ಯಾರಾದರೂ ಒರಟಾಗಿ ಬಿಚ್ಚಿ ಕೂಡಿಸಿದ್ದರೆ ಗೀರುಗಳ ಸಾಲು ತಪ್ಪಿ, ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ.

ಮರದ ಕೆಲಸ ದರ್ಜಿಯ ಕೆಲಸಕ್ಕೆ ಹತ್ತಿರ. ಕೊಳ್ಳುವವನ ಕೈಯುದ್ದ, ಕತ್ತು, ಭುಜದ ಅಗಲ ನೋಡಿ ಹಿಡಿಯ ಉದ್ದ, ಇಳಿಜಾರು, ಪಕ್ಕದ ವಾಲು ಇವನ್ನು ನಿರ್ಧರಿಸುತ್ತಾರೆ. ಕೀಲುಗಳಿಂದ ಬೇಕಾದಂತೆ ಬಗ್ಗಿಸಬಹುದಾದ ಅಳತೆಯ ಕೋವಿಯನ್ನೇ ಇದಕ್ಕಾಗಿ ಬಳಸುತ್ತಾರೆ. ಭುಜಕ್ಕೇರಿಸಿದ ಕ್ಷಣದಲ್ಲಿ ಕಣ್ಣು, ನಳಿಗೆ, ಗುರಿ ತಾವಾಗಿ ಒಂದೇ ಗೆರೆಗೆ ಬರಬೇಕು. ಮರ ಆಕ್ರೋಟಿನದು, ವರ್ಷಗಟ್ಟಲೆ ಒಣಗಿಸಿದ್ದು. ಬುಡದ ಕಡೆ ಹೊಗೆಯಂತೆ ಸುಳಿಯುವ ಗೆರೆಗಳಿದ್ದರೆ ಬೆಲೆ ಹೆಚ್ಚು. ಆದರೆ ಕೈ ಹಿಡಿಯುವ ತೆಳ್ಳನೆಯ ಜಾಗದಲ್ಲಿ ಗೆರೆ ನೇರವಾಗಿಯೇ ಹರಿಯಬೇಕು. ಇಲ್ಲವಾದರೆ ಒದೆತಕ್ಕೆ ಮರ ಸೀಳುತ್ತದೆ. ಮೇಲಿನ ಹೊಳಪು ವಾರ್ನಿಷಿನದಲ್ಲ, ಅಗಸೆ ಎಣ್ಣೆಯನ್ನು ದಿನಗಟ್ಟಲೆ ಅಂಗೈಯಿಂದ ತಿಕ್ಕಿ ಬರಿಸಿದ್ದು.

ಚಾಣದ ಮೊನೆ

ಆಯುಧವನ್ನು ಅಲಂಕರಿಸುವುದು ಎಲ್ಲ ನಾಡುಗಳ ರೂಢಿ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಪೂಜೆಗಿಟ್ಟು ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಲಂಡನ್ನಿನ ಕೋವಿಯಲ್ಲಿ ಹೂವು ಉಕ್ಕಿನಲ್ಲೇ ಅರಳುತ್ತದೆ. ಅಲ್ಲಿಯ ಸಾಂಪ್ರದಾಯಿಕ ವಿನ್ಯಾಸ ಗುಲಾಬಿ ಮತ್ತು ಅದರ ಸುತ್ತ ಸುರುಳಿ ಸುತ್ತುವ ಸಣ್ಣ ಬಳ್ಳಿ. ಇದಕ್ಕೆ ಅಂದದ ಜೊತೆಗೆ ಉಪಯೋಗವೂ ಇದೆ: ನುಣ್ಣನೆಯ ಉಕ್ಕು ಬಿಸಿಲಿಗೆ ಮಿಂಚುತ್ತದೆ, ಕೆತ್ತನೆ ಆ ಮಿಂಚನ್ನು ಒಡೆಯುತ್ತದೆ.

ಕೆತ್ತನೆಗಾರನ ಕೈಗೆ ಕೋವಿ ಬರುವಾಗ ಎಲ್ಲ ಭಾಗಗಳೂ ಕೂಡಿರುತ್ತವೆ, ಆದರೆ ಉಕ್ಕು ಇನ್ನೂ ಮೆದು. ಆತ ಸಣ್ಣ ಚಾಣಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಲೋ, ಅಂಗೈಯ ಒತ್ತಡದಿಂದ ದೂಡುತ್ತಲೋ ಗೆರೆ ಎಳೆಯುತ್ತಾನೆ. ಬಂಗಾರ ಕೂರಿಸುವುದಿದ್ದರೆ ಒಳಗೆ ಅಗಲವಾಗುವಂಥ ಕಾಲುವೆ ಕೊರೆದು, ತಂತಿಯನ್ನು ತಟ್ಟಿ ತುಂಬುತ್ತಾನೆ. ಇಟಲಿಯ ಗಾರ್ಡೋನೆ ಕಣಿವೆಯ ಕೆಲಸಗಾರರದು ಇನ್ನೊಂದು ದಾರಿ: ಚೂಪು ಮೊನೆಯಿಂದ ಸಾವಿರಾರು ಚುಕ್ಕಿ ಚುಚ್ಚಿ, ಛಾಯಾಚಿತ್ರದಂತೆ ನೆರಳು ಬೆಳಕು ತರಿಸುವುದು.

ಕೆತ್ತನೆ ಮುಗಿದ ಮೇಲೆ ಎದೆ ನಡುಗಿಸುವ ಘಟ್ಟ. ಮೆದು ಉಕ್ಕನ್ನು ಗಟ್ಟಿಮಾಡಲು ಮೂಳೆಯ ಇದ್ದಿಲಿನಲ್ಲಿ ಹುದುಗಿಸಿ, ಕೆಂಪಗೆ ಕಾಯಿಸಿ, ನೀರಿಗೆ ಮುಳುಗಿಸುತ್ತಾರೆ. ಮೇಲ್ಮೈ ಗಡಸಾಗುವುದರ ಜೊತೆಗೆ ನೀಲಿ, ಕಂದು, ಹುಲ್ಲುಬಣ್ಣಗಳ ಮೋಡಗಳು ಮೂಡುತ್ತವೆ. ಆದರೆ ಹಠಾತ್ತನೆ ತಣಿದ ಉಕ್ಕು ಸೊಟ್ಟಗಾಗಲೂಬಹುದು. ತಿಂಗಳುಗಟ್ಟಲೆ ಮಸಿ ಹಿಡಿಸಿ ಹೊಂದಿಸಿದ್ದು, ವಾರಗಟ್ಟಲೆ ಕೆತ್ತಿದ್ದು, ಎಲ್ಲದರ ಭವಿಷ್ಯ ಆ ಒಂದು ಮುಳುಗಿನಲ್ಲಿ.

ಭಾರತದ ಒಂದು ಆಜ್ಞೆ

ಈ ಮನೆಗಳಿಗೆ ಭಾರತ ದೊಡ್ಡ ಮಾರುಕಟ್ಟೆ. ಸಂಸ್ಥಾನಗಳ ರಾಜರು, ಬ್ರಿಟಿಷ್ ಅಧಿಕಾರಿಗಳು ಪ್ರಮುಖ ಗಿರಾಕಿಗಳು. ಅದರ ತೂಕ ಎಷ್ಟಿತ್ತೆಂಬುದಕ್ಕೆ 1907ರ ಒಂದು ಪ್ರಸಂಗ ಸಾಕ್ಷಿ. ರಿಗ್ಬಿ 1898ರಲ್ಲಿ ಹೊರತಂದಿದ್ದ .450 ಅಳತೆಯ ರೈಫಲ್ ಆಗ ಬಹು ಜನಪ್ರಿಯ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡಿನ ಅಳತೆಯೂ ಅದೇ. ಕಳುವಾದ ಬಂದೂಕುಗಳಿಗೆ ಶಿಕಾರಿಯ ಗುಂಡು ಸೇರಿ ಅವು ಬಂಡಾಯಗಾರರ ಕೈಯಲ್ಲಿ ಸಿಡಿದಾವು ಎಂಬ ಭಯದಿಂದ ಸರ್ಕಾರ ಆ ಅಳತೆಯನ್ನು ಭಾರತದಲ್ಲಿ ನಿಷೇಧಿಸಿತು. ಕೋವಿಗಾರರು ತರಾತುರಿಯಲ್ಲಿ .465, .470, .475 ಎಂಬ ಹೊಸ ಅಳತೆಗಳನ್ನು ತಂದರು. ಇಂದಿಗೂ .470 ರೈಫಲ್ ತಯಾರಾಗುತ್ತಿದೆ. ಅದರ ಹುಟ್ಟಿಗೆ ಕಾರಣ ಆಳುವವರ ಅಂಜಿಕೆ.

ನಮ್ಮಲ್ಲಿ ಈ ಕಸುಬು ಇರಲಿಲ್ಲವೆಂದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಗಳು ಮಾಡಿದ ಕೋವಿಗಳಲ್ಲಿ ಹುಲಿತಲೆ, ಹುಲಿಪಟ್ಟೆ, ಬೆಳ್ಳಿಬಂಗಾರದ ಕೆಲಸ ಕಾಣಬಹುದು. ಕೆಲವದರ ಮೇಲೆ ಊರು, ವರ್ಷಗಳ ಜೊತೆಗೆ ಮಾಡಿದವನ ಹೆಸರೂ ಇದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಲೂಟಿಯಾಗಿ ಇಂಗ್ಲೆಂಡಿನ ಸಂಗ್ರಹಗಳಿಗೆ ಹೋದವು. ಮುಂದಿನ ಶತಮಾನದಲ್ಲಿ ಭಾರತದ ರಾಜರೇ ಕೋವಿಗಾಗಿ ಲಂಡನ್ನಿಗೆ ಬರೆಯತೊಡಗಿದರು.

ಯಾರ ಹೆಸರು?

ಟಿಪ್ಪುವಿನ ಕೋವಿಗಳಿಗೆ ಹೋಲಿಸಿದರೆ ಲಂಡನ್ನಿನವುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ನಳಿಗೆಯ ಮೇಲೆ, ಬೀಗದ ತಟ್ಟೆಯ ಮೇಲೆ ಇರುವುದು ಅಂಗಡಿಯ ಯಜಮಾನನ ಹೆಸರು. ನಳಿಗೆಯವನು, ಮರದವನು ಬಹಳವೆಂದರೆ ಒಳಗೆ ಎಲ್ಲೋ ತಮ್ಮ ಹೆಸರಿನ ಮೊದಲಕ್ಷರ ಒತ್ತುತ್ತಿದ್ದರು. ಕೋವಿ ಬಿಚ್ಚಿದವರಿಗಷ್ಟೇ ಅದು ಕಾಣುತ್ತದೆ. ಆ ಅಂಗಡಿಯ ಹೆಸರನ್ನು ಅಚ್ಚುಕಟ್ಟಾಗಿ ಕೆತ್ತಿದವನಿಗೇ ತನ್ನ ಹೆಸರು ಕೆತ್ತುವ ಹಕ್ಕಿರಲಿಲ್ಲ. ಲಂಡನ್ನಿನ ಸೋಹೊ ಪ್ರದೇಶದ ಹ್ಯಾರಿ ಕೆಲ್ ಅಂಥವರಲ್ಲಿ ಒಬ್ಬ. ದೊಡ್ಡ ಮನೆಗಳಿಗೆ ಜೀವನವಿಡೀ ಕೆತ್ತಿದವನು. ಕಸುಬಿನ ಹೊರಗೆ ಆತನನ್ನು ಬಲ್ಲವರು ಕಡಿಮೆ. ಆತನ ಬಳಿ ಪಳಗಿದ ಕೆನ್ ಹಂಟ್‌ನ ಕಾಲಕ್ಕೆ ಗಾಳಿ ಬದಲಾಯಿತು. ಸಂಗ್ರಾಹಕರು ಕೆತ್ತನೆಗಾರನ ಹೆಸರು ಕೇಳಿ ಕೋವಿ ಕೊಳ್ಳತೊಡಗಿದರು, ಸಹಿ ಹೊರಮೈಗೆ ಬಂತು.

ಅಷ್ಟರಲ್ಲಿ ಶಿಕಾರಿಯ ಯುಗವೇ ಮುಗಿಯುತ್ತಿತ್ತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತೆರೆ ಎಳೆಯಿತು. ಬೇಟೆಯಾದ ಹುಲಿ, ಚಿರತೆಗಳಿಗೆ ತೊಗಲು ತುಂಬಿಸಿ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆ 1999ರಲ್ಲಿ ಮುಚ್ಚಿತು. ಕೋವಿಯ ಮನೆಗಳು ಕೈ ಬದಲಿಸಿದವು. ಹಾಲೆಂಡ್ ಅಂಡ್ ಹಾಲೆಂಡ್ 2021ರಲ್ಲಿ ಇಟಲಿಯ ಬೆರೆಟ್ಟಾ ಸಮೂಹಕ್ಕೆ ಸೇರಿತು. ಈಗ ಗಣಕಯಂತ್ರ ನಡೆಸುವ ಯಂತ್ರಗಳು ಉಕ್ಕನ್ನು ಬಹುಪಾಲು ಕಡಿದುಕೊಡುತ್ತವೆ. ಕೊನೆಯ ಕೂದಲೆಳೆಯ ಹೊಂದಿಕೆಗೆ ಮಾತ್ರ ಇನ್ನೂ ಬುಡ್ಡಿದೀಪವೇ ಬೇಕು. ಅದನ್ನು ಕಲಿಯಲು ವರ್ಷಗಳು ಬೇಕು, ಕಲಿಸಲು ಬಲ್ಲ ಹಿರಿಯರು ಬೇಕು.

ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ. ಪಿ. ಹೆವೆಟ್ ಕಾರ್ಬೆಟ್‌ಗೆ ಒಂದು ರಿಗ್ಬಿ ರೈಫಲ್ ಉಡುಗೊರೆ ಕೊಟ್ಟ. ಅದು ರಾಜರ ಕೋವಿಯಂಥದಲ್ಲ; .275 ಅಳತೆಯ ಹಗುರ, ಒಂಟಿ ನಳಿಗೆಯ ಸಾದಾ ರೈಫಲ್. ಅದರ ಮರಕ್ಕೆ ಬೆಳ್ಳಿಯ ಪುಟ್ಟ ಫಲಕವೊಂದನ್ನು ಕೂರಿಸಿ, ಕೊಟ್ಟವರು ಯಾರು, ಪಡೆದವರು ಯಾರು, ಏಕೆ ಎಂಬುದನ್ನು ಕೆತ್ತಿಸಲಾಗಿದೆ. ಮುಂದೆ ಕ್ಯಾಮೆರಾ ಹಿಡಿದು ಹುಲಿಗಳ ಉಳಿವಿಗಾಗಿ ವಾದಿಸಿದ ಕಾರ್ಬೆಟ್ 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡ. 2015ರಲ್ಲಿ ರಿಗ್ಬಿ ಸಂಸ್ಥೆಯೇ ಆ ರೈಫಲ್ಲನ್ನು ಮರಳಿ ಕೊಂಡುಕೊಂಡಿತು. ಬೆಳ್ಳಿಯ ಮೇಲಿನ ಅಕ್ಷರಗಳು ಈಗಲೂ ಓದಲು ಬರುತ್ತವೆ. ಹೆವೆಟ್‌ನ ಹೆಸರಿದೆ, ಕಾರ್ಬೆಟ್‌ನ ಹೆಸರಿದೆ, ಹುಲಿ ಸತ್ತ ಊರಿನ ಹೆಸರೂ ಇದೆ. ಆ ಅಕ್ಷರಗಳನ್ನು ಕೆತ್ತಿದವನ ಹೆಸರಿಲ್ಲ.