ಎಲ್ಲ ಬಾಟಲಿಯೂ ಗ್ಲೂಕೋಸ್ ಅಲ್ಲ: ಡ್ರಿಪ್ ದ್ರಾವಣಗಳು ಮತ್ತು ಶುಶ್ರೂಷೆ

ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಸುಸ್ತು, ಜ್ವರವೆಂದು ಆಸ್ಪತ್ರೆಗೆ ಬರುವವರಲ್ಲಿ ಹಲವರು ವೈದ್ಯರು ನಾಡಿ ಹಿಡಿಯುವ ಮುನ್ನವೇ ‘ಒಂದು ಬಾಟ್ಲು ಗ್ಲೂಕೋಸ್ ಹಾಕಿಬಿಡಿ’ ಎನ್ನುವುದುಂಟು. ಕಂಬಕ್ಕೆ ತೂಗುಹಾಕಿದ ಬಾಟಲಿಗಳೆಲ್ಲವೂ ಜನರ ಮಾತಿನಲ್ಲಿ ಗ್ಲೂಕೋಸೇ. ನೋಟಕ್ಕೆ ಒಂದೇ ತೆರನಾದ ಈ ದ್ರಾವಣಗಳು ಗುಣದಲ್ಲಿ ಬೇರೆ ಬೇರೆ. ಒಬ್ಬ ರೋಗಿಯ ಪ್ರಾಣ ಉಳಿಸಿದ ದ್ರಾವಣ ಮತ್ತೊಬ್ಬರ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು.

ನಿಜವಾದ ಗ್ಲೂಕೋಸ್ ಬಾಟಲಿಯೆಂದರೆ ಶೇ 5ರ ಡೆಕ್ಸ್‌ಟ್ರೋಸ್. ಅದರ 500 ಮಿ.ಲೀ.ನಲ್ಲಿರುವುದು 25 ಗ್ರಾಂ ಸಕ್ಕರೆ. ದೊರೆಯುವ ಶಕ್ತಿ 100 ಕ್ಯಾಲೊರಿಯನ್ನು ಮೀರದು. ಎರಡು ಇಡ್ಲಿ ತಿಂದರೂ ಸರಿಸುಮಾರು ಅಷ್ಟೇ ಸಿಗುತ್ತದೆ. ದೇಹವು ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರಿಯ ನೀರು. ಅದರಲ್ಲಿ ಬಹುಪಾಲು ಜೀವಕೋಶಗಳೊಳಗೆ ಹರಡಿಹೋಗಿ ರಕ್ತನಾಳದಲ್ಲಿ ನಿಲ್ಲುವುದು ಅತ್ಯಲ್ಪ. ಆದ್ದರಿಂದ ರಕ್ತದೊತ್ತಡ ಕುಸಿದವರಿಗೆ ಇದು ಆಸರೆಯಾಗದು. ತಲೆಗೆ ಪೆಟ್ಟಾದವರಿಗಂತೂ ಮಿದುಳಿನ ಊತ ಹೆಚ್ಚಿಸುವ ಅಪಾಯವಿದೆ. ಇನ್ಸುಲಿನ್ ಪಡೆದು ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಿದವರಿಗೆ ಬೇಕಾಗುವುದು ಶೇ 25ರ ಡೆಕ್ಸ್‌ಟ್ರೋಸ್. ಅದು ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಡುವುದರಿಂದ ಸೂಜಿ ಸರಿಯಾಗಿ ಕುಳಿತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನಾರ್ಮಲ್ ಸಲೈನ್ ಎಂಬುದು ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸೇರಿಸಿದ ಶೇ 0.9ರ ದ್ರಾವಣ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ್ದೇ ಈ ಚಿಕಿತ್ಸೆಯ ಮೂಲ. ರಕ್ತ ನೀಡುವಾಗ ಅದೇ ನಳಿಕೆಯಲ್ಲಿ ಹರಿಸಲು ಸಲೈನ್ ಸೂಕ್ತ. ಆದರೆ ಲೀಟರ್‌ಗಟ್ಟಲೆ ಕೊಟ್ಟರೆ ಅದರಲ್ಲಿನ ಕ್ಲೋರೈಡ್ ರಕ್ತದ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್.ಎಲ್., ಇದಕ್ಕಿಂತ ರಕ್ತದ ಸಹಜ ಲವಣಾಂಶಕ್ಕೆ ಹತ್ತಿರ. ಸೋಡಿಯಂ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಹಾಗೂ ಲ್ಯಾಕ್ಟೇಟ್ ಅದರಲ್ಲಿವೆ. ಸುಟ್ಟ ಗಾಯ, ಶಸ್ತ್ರಚಿಕಿತ್ಸೆ, ತೀವ್ರ ವಾಂತಿಭೇದಿಗಳಲ್ಲಿ ಇದಕ್ಕೇ ಪ್ರಾಶಸ್ತ್ಯ. ನಿರ್ಜಲೀಕರಣ ತೀವ್ರವಾದ ಮಗುವಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 100 ಮಿ.ಲೀ. ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ: ಒಂದು ವರ್ಷದೊಳಗಿನ ಶಿಶುವಿಗೆ 6 ಗಂಟೆಗಳಲ್ಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 3 ಗಂಟೆಗಳಲ್ಲಿ. ಕ್ಯಾಲ್ಸಿಯಂ ಇರುವುದರಿಂದ ಆರ್.ಎಲ್. ಹರಿಯುವ ನಳಿಕೆಯಲ್ಲಿ ರಕ್ತವನ್ನಾಗಲಿ, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನಾಗಲಿ ಬೆರೆಸಬಾರದು.

ಇದೇ ಆರ್.ಎಲ್. ಹೆಸರು 2024ರ ನವೆಂಬರ್‌ನಲ್ಲಿ ನಾಡಿನ ಮನೆಮಾತಾಯಿತು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ಕಸ, ಮಬ್ಬು, ಸೋರಿಕೆ, ಅವಧಿ ಮೀರಿದ ದಿನಾಂಕಗಳನ್ನು ನೋಡುವುದು ಶುಶ್ರೂಷಕಿಯರಿಗೆ ಮೊದಲ ಪಾಠ. ಆದರೆ ಬ್ಯಾಕ್ಟೀರಿಯಾದ ವಿಷಾಂಶ ತಿಳಿಯಾದ ದ್ರಾವಣದಲ್ಲೂ ಅಡಗಿರಬಲ್ಲದು, ಕಣ್ಣಿಗೆ ಕಾಣದು. ಅದಕ್ಕಾಗಿಯೇ ಬ್ಯಾಚ್ ಸಂಖ್ಯೆಯನ್ನು ರೋಗಿಯ ಕೇಸ್ ಶೀಟಿನಲ್ಲಿ ಬರೆದಿಡಬೇಕು. ಡ್ರಿಪ್ ಆರಂಭಿಸಿದೊಡನೆ ನಡುಕ, ಚಳಿಜ್ವರ ಕಾಣಿಸಿದರೆ ಹರಿವು ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಬಾಟಲಿಯನ್ನು ಎಸೆಯದೆ ತೆಗೆದಿಡಬೇಕು. ಬ್ಯಾಚ್ ಸಂಖ್ಯೆ ಬರೆದಿಡದಿದ್ದರೆ ಉಳಿದ ವಾರ್ಡುಗಳಲ್ಲಿರುವ ಅದೇ ಬಾಟಲಿಗಳನ್ನು ಹುಡುಕುವುದಾದರೂ ಹೇಗೆ?

ಹರಿವಿನ ಲೆಕ್ಕವೂ ಶುಶ್ರೂಷಕಿಯದೇ ಹೊಣೆ. 500 ಮಿ.ಲೀ. ದ್ರಾವಣ 4 ಗಂಟೆಗಳಲ್ಲಿ ಮುಗಿಯಬೇಕಾದರೆ, ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಇರಿಸಬೇಕು. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್‌ನಲ್ಲಿ ಮಿ.ಲೀ.ಗೆ 60 ಹನಿ; ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ. ‘ಬೇಗ ಮುಗಿಯಲಿ’ ಎಂದು ಜೊತೆಗಿರುವವರು ಚಕ್ರ ತಿರುಗಿಸಿ ಹರಿವು ಹೆಚ್ಚಿಸುವುದು ವಾರ್ಡುಗಳಲ್ಲಿ ಅಪರೂಪವೇನಲ್ಲ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರಿಗೆ, ರಕ್ತದೊತ್ತಡ ಏರಿದ ಗರ್ಭಿಣಿಯರಿಗೆ ಇದು ಕುತ್ತು ತರಬಲ್ಲದು. ಕೆಮ್ಮು, ಮಲಗಲಾಗದ ಉಬ್ಬಸ, ಕುತ್ತಿಗೆಯ ನಾಳ ಉಬ್ಬುವುದು ಇದರ ಸೂಚನೆಗಳು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಜ್ಞಾನ ನಿರ್ಣಾಯಕವಾಗುವುದು ರೋಗಿಯನ್ನು ಮೈಸೂರಿಗೆ ಕಳುಹಿಸುವ ಹೊತ್ತಿನಲ್ಲಿ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ಬಾಣಂತಿಯನ್ನು ತಿ.ನರಸೀಪುರದಿಂದ ಚೆಲುವಾಂಬ ಆಸ್ಪತ್ರೆಗೆ ಸಾಗಿಸಬೇಕೆಂದರೆ ಸುಮಾರು 30 ಕಿ.ಮೀ. ದಾರಿ. ಆಂಬುಲೆನ್ಸ್ ಹೊರಡುವ ಮುನ್ನ ಎರಡೂ ಕೈಗಳಿಗೆ ದಪ್ಪ ಕ್ಯಾನುಲಾ ಹಾಕಿ ಆರ್.ಎಲ್. ಅಥವಾ ಸಲೈನ್ ಹರಿಸಬೇಕು. ಕುಸಿದ ನಾಳವನ್ನು ಓಡುವ ವಾಹನದಲ್ಲಿ ಹುಡುಕುವುದು ಬಲು ಕಷ್ಟ. ಹಾಗೆಂದು ದ್ರಾವಣವು ರಕ್ತಕ್ಕೆ ಬದಲಿಯಲ್ಲ. ಅತಿಯಾದರೆ ಹೆಪ್ಪುಗಟ್ಟುವ ಶಕ್ತಿಯೇ ತೆಳುವಾಗುತ್ತದೆ.

ಶೇ 3ರ ಸಲೈನ್ ಹಾಗೂ ಮ್ಯಾನಿಟಾಲ್ ಮಿದುಳಿನ ಊತ ಇಳಿಸಲು ಬಳಕೆಯಾಗುತ್ತವೆ. ಚಳಿಯಲ್ಲಿ ಮ್ಯಾನಿಟಾಲ್ ಹರಳುಗಟ್ಟುತ್ತದೆ. ಬೆಚ್ಚಗೆ ಮಾಡಿ ಹರಳು ಪೂರ್ತಿ ಕರಗಿದ ನಂತರವೇ ಕೊಡಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ಎಂದಿಗೂ ನೇರವಾಗಿ ನಾಳಕ್ಕೆ ಚುಚ್ಚುವಂತಿಲ್ಲ, ಹೃದಯ ಕ್ಷಣದಲ್ಲಿ ನಿಲ್ಲುತ್ತದೆ.

ಬಾಯಿಂದ ಕುಡಿಯಬಲ್ಲ ರೋಗಿಗೆ ಇವಾವುವೂ ಸಾಮಾನ್ಯವಾಗಿ ಬೇಕಿಲ್ಲ. ಭೇದಿಯಾದವರಿಗೆ ಓ.ಆರ್.ಎಸ್.ನ ದೊಡ್ಡ ಪೊಟ್ಟಣವೊಂದನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು.