ಬಾಸೆಲ್‌ನಲ್ಲಿ ಬಿಟ್ಟುಬಂದ ಮಗಳು

ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಮೂರನ್ನು ಹೆಸರಿಸಿದ ಪೌಲ, ಹಿರಿತನವನ್ನು ಪ್ರೀತಿಗೆ ಕೊಟ್ಟ. ಅದನ್ನು ಓದಿದಾಗಲೆಲ್ಲ ನನಗೆ ಬಾಸೆಲ್ ಮಿಶನ್ನಿನ ತಾಯಂದಿರ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನ ಹಂಚು, ಪತ್ರಿಕೆ, ಕಿಟ್ಟೆಲರ ನಿಘಂಟು ನಮ್ಮ ಪಾಠಗಳಲ್ಲಿವೆ, ಹೆಂಗಸರ ಮಾತಿಲ್ಲ.

ಎಷ್ಟೋ ಹುಡುಗಿಯರು ಗುರುತಿಲ್ಲದ ವರನನ್ನು ನಂಬಿ ಹಡಗು ಹತ್ತಿದರು. ನಮ್ಮ ಅಜ್ಜಿಯರೂ ಗಂಡನ ಮುಖ ಕಂಡದ್ದು ಹಸೆಯ ಮೇಲೇ ಅನ್ನಿ. ಆದರೆ ಅವರ ತವರು ಎತ್ತಿನ ಗಾಡಿಯ ದೂರದಲ್ಲಿತ್ತು. ಅದಕ್ಕಿಂತ ಕಠಿಣವಾದದ್ದು, ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳಿಸುವುದು. 1853ರಲ್ಲಿ ಮಿಶನ್ನು ಇದನ್ನು ಕಟ್ಟಳೆಯನ್ನೇ ಮಾಡಿತು.

ಅದಕ್ಕೂ ಮೊದಲೇ, 1846ರಲ್ಲಿ, ಜೂಲಿ ಗುಂಡರ್ಟ್ ತಲಶ್ಶೇರಿಯಲ್ಲಿ ಹುಟ್ಟಿದ ಮಗಳು ಮರೀಯನ್ನು ಬಾಸೆಲ್‌ನಲ್ಲಿ ಬಿಟ್ಟು ಬಂದರು. ಮೂರೋ ನಾಲ್ಕೋ ವರ್ಷದ ಕೂಸು. ಇಲ್ಲಿ ಊರ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ ಈ ತಾಯಿ, ತನ್ನ ಮಗಳನ್ನು ಮತ್ತೆ ಕಂಡದ್ದು 1857ರಲ್ಲಿ! ನಂಬಿಕೆ ಇತ್ತು, ನಿರೀಕ್ಷೆಯೂ ಇತ್ತು. ಆದರೆ ಪ್ರೀತಿಯೇ ಹಿರಿದೆಂದು ಬೋಧಿಸಿದವರು ಅದಕ್ಕೆ ಇಷ್ಟೇ ಜಾಗ ಬಿಟ್ಟರೇ? ನನಗೆ ಒಪ್ಪಿಗೆಯಾಗದು.

ಮರೀಯೂ ಮಿಶನರಿಯೊಬ್ಬನನ್ನೇ ಮದುವೆಯಾದಳು. ವಿಧವೆಯಾದ ಮೇಲೆ, 1874ರಲ್ಲಿ, ಮಂಗಳೂರಿನಲ್ಲಿ ದುಡಿದಿದ್ದ ಯೋಹಾನ್ನೆಸ್ ಹೆಸ್ಸೆಯ ಕೈಹಿಡಿದಳು. ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ ಅವಳ ಮಗ.